ಗೇಟಿನ್ಯಾಗ ವಯಸ್ಸ ಕೇಳಂಗಿಲ್ಲ, ಎತ್ತರಾ ನೋಡ್ತಾರ

ಸೂಟಿ ಹತ್ರ ಬಂತಂದ್ರ ನನಗ ಬರೋ ಪತ್ರದ ಧಾಟೀನ ಬ್ಯಾರೆ ಆಗ್ತೈತಿ. ಸೊಂಟನೋವು, ಬಾಡಿಗಿ ಮನಿ ಜಗಳ, ಹಪ್ಪಳಕ್ಕ ಹುಳಾ ಬಿದ್ದದ್ದು ಎಲ್ಲಾ ಹಿಂದ ಸರದು ಈ ಸಲ ಮುಕ್ಕಾಲು ಪಾಲು ಒಂದ ಪ್ರಶ್ನೆ, ಸಣ್ಣ ಹುಡುಗ್ರನ್ನ ಕಟಗೊಂಡು ವಂಡರ್‌ಲಾದಂಥಾ ರೈಡು, ನೀರಾಟದ ಪಾರ್ಕಿಗೆ ಹೋಗೂದು ಹ್ಯಾಂಗ, ಯಾವಾಗ, ಎಲ್ಲಿಗೆ. ಹಂಗಾಗಿ ಈ ಸಂಚಿಕಿ ಪೂರಾ ಅದಕ್ಕ ಬಿಟ್ಟೇನಿ. ಹೆಸರು ಹಾಕಬ್ಯಾಡ್ರಿ ಅಂದವರದು ಹಾಕಿಲ್ಲ, ಹಾಕ್ರಿ ಅಂದವರದೂ ಹಾಕಿಲ್ಲ, ಬ್ಯಾಸರಾ ಮಾಡ್ಕೋಬ್ಯಾಡ್ರಿ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನಮಗ ಮಗಳು 7 ವರ್ಷದಾಕಿ, ಮಗ ಮೂರೂವರಿಯವ. ಮೇ ಸೂಟಿಯಾಗ ವಂಡರ್‌ಲಾಕ್ಕ ಹೋಗೂಣು ಅಂತ ನಮ್ಮ ಮನೆಯವರು, ಮಹಾರಾಷ್ಟ್ರದ ಇಮ್ಯಾಜಿಕಾ ಪಾರ್ಕು ಇನ್ನೂ ಚೊಲೊ ಐತಿ ಅಂತ ನಮ್ಮ ಮೈದುನ. ಅತ್ತಿಯವರೂ ಬರ್ತಾರ. ರಾತ್ರಿ ಟ್ರೇನ್ ಹತ್ತಿ, ಮುಂಜಾನೆ ಇಳದು ಸೀದಾ ಪಾರ್ಕಿಗೆ ಹೋಗಿ, ಅವತ್ತ ರಾತ್ರಿ ಟ್ರೇನಿಗೆ ವಾಪಸ್ ಬಂದ್ರ ರೂಮಿನ ಖರ್ಚ ಉಳಿತೈತಿ ಅಂತ ಮನೆಯವರ ಲೆಕ್ಕ. ಇದು ಆಗೂದೇನ್ರಿ? (ಗದಗ)

ಆಗತೈತಿ ತಂಗಿ, ಕಾಲೇಜ ಹುಡುಗ್ರಾಗಿದ್ರ. ರಾತ್ರಿ ಟ್ರೇನಿನ್ಯಾಗ ನಿನ್ನ ಮಗ ಮಲಗಿದ್ರೂ ನೀ ಮಲಗಂಗಿಲ್ಲ, ಬರ್ತ್ ಮ್ಯಾಲಿಂದ ಬಿದ್ದಗಿದ್ದಾನು ಅಂತ ಒಂದ ಕೈ ಅವನ ಹೊಟ್ಟಿ ಮ್ಯಾಲೆ ಇಟಗೊಂಡ ಬೆಳಗ ಮಾಡ್ತಿ. ಮುಂಜಾನೆ ಬೆಂಗಳೂರಿನ್ಯಾಗ ಇಳದು ವೇಟಿಂಗ್ ರೂಮಿನ್ಯಾಗ ಪಾಳಿ ಹಚ್ಚಿ ಮಾರಿ ತೊಳಕೊಂಡು ವಂಡರ್‌ಲಾ ಇರೋ ಬಿಡದಿ ಮುಟ್ಟೂದು, ಪಾರ್ಕು ತೆರಿಯೂದ 11ರ ಸುಮಾರಿಗೆ, ಅಷ್ಟೊತ್ತಿಗೆ ಸಣ್ಣವಂದು ಮಧ್ಯಾಹ್ನದ ನಿದ್ದಿ ಹೊತ್ತು ಹತ್ರ ಬಂದಿರತೈತಿ. ಎರಡಕ್ಕ ಅವನ ರಂಪಾ ಚಾಲೂ, ಅತ್ತಿಯವರಿಗೆ ಮೊಣಕಾಲ ಹಿಡದಿರ್ತಾವ, ಮನೆಯವರು "ಇಷ್ಟ ರೊಕ್ಕಾ ಕೊಟ್ಟೇವಿ, ಇನ್ನೂ ಅರ್ಧಾ ರೈಡ್ ಉಳದಾವ, ಈಗ ಹ್ಯಾಂಗ ಹೊರಗ ಹೋಗೂದು" ಅಂತ ನಿಂತಿರ್ತಾರ. ನಾ ನೋಡಿದ ಮಟ್ಟಿಗೆ ಹೇಳ್ತೇನಿ, ಇಂಥಾ ಟ್ರಿಪ್ ಕೆಡಸೂದು ಮಳಿ ಅಲ್ಲ, ಗದ್ದಲ ಅಲ್ಲ, ಈ ವಸೂಲಿ ಲೆಕ್ಕ. ಟಿಕೆಟಿನ ರೊಕ್ಕಾ ಗೇಟಿನ್ಯಾಗ ಹೋಗಿ ಬಿಟ್ಟೈತಿ, ಅದನ್ನ ಕೂಸಿನ ಕಡಿಂದ ವಸೂಲ್ ಮಾಡಾಕ ಹೋಗಬ್ಯಾಡ್ರಿ.

ಒಂದ ರಾತ್ರಿ ರೂಮ್ ಮಾಡ್ರಿ. ಮೆಜೆಸ್ಟಿಕ್ ಕಡೆ ಬ್ಯಾಡ, ಕೆಂಗೇರಿ-ಬಿಡದಿ ಕಡೆ ಮಾಡ್ರಿ, ಪಾರ್ಕು ಬೆಂಗಳೂರಿಂದ 28 ಕಿ.ಮೀ. ಮೈಸೂರ ರೋಡಿಗೆ ಐತಿ. ಇಳದ ದಿನ ಹುಡುಗ್ರು ಮಲಕೊಂಡು ಎದ್ದ ಮ್ಯಾಲೆ ಸಂಜಿಮುಂದ ರಾಮನಗರದ ಹತ್ರ ಜಾನಪದ ಲೋಕಕ್ಕ ಹೋಗಿಬರ್ರಿ, ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಬೀಸೋ ಕಲ್ಲು, ರಾಗಿ ಕಣಜ, ತೊಗಲಗೊಂಬಿ ಎಲ್ಲಾ ಅದಾವ, ಅತ್ತಿಯವರಿಗೆ ಮಾತಾಡಾಕ ವಿಷಯ ಸಿಗತೈತಿ, ಇಲ್ಲಂದ್ರ ಅವರು ಎರಡು ದಿನ ಬರೇ ಚೀಲಾ ಕಾಯ್ದಂಗ ಆಗ್ತೈತಿ. ಸ್ವಲ್ಪ ಮುಂದ ಚನ್ನಪಟ್ಟಣದಾಗ ಕಟಗಿ ಬೊಂಬಿ. ಮರುದಿನ ಪಾರ್ಕು ಮುಗಿಸಿ ರಾತ್ರಿ ಟ್ರೇನ್ ಹತ್ರಿ, ಆವಾಗ ಎಲ್ಲಾರೂ ಸತ್ತಂಗ ಮಲಗ್ತೀರಿ.

ಟ್ರೇನಿನ ವಿಚಾರ ಅಂದ್ರ, ಗದಗಿನವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಐತಿ, ಗದಗ, ಹುಬ್ಬಳ್ಳಿ, ಹಾವೇರಿ ಹಿಡದು ಬೆಂಗಳೂರಿಗೆ ಹೋಗಿ ಮುಂದ ಮೈಸೂರಿಗೆ ಹೋಗತೈತಿ, ಇಲ್ಲಾ ಹುಬ್ಬಳ್ಳಿಗೆ ಬಂದು ರಾಣಿ ಚನ್ನಮ್ಮ ಹಿಡೀರಿ. ಬುಕಿಂಗ್ ಈಗ 60 ದಿನ ಮೊದಲ ತೆರಿತೈತಿ (ಮೊದಲ 120 ಇತ್ತು, 2024ರ ನವೆಂಬರಿನಿಂದ ಕಮ್ಮಿ ಮಾಡ್ಯಾರ), ಮುಂಜಾನೆ 8ಕ್ಕ ಕುಂದ್ರಬೇಕು, ಮೇ ತಿಂಗಳದ್ದಂದ್ರ ಒಂಬತ್ತಕ್ಕ ವೇಟಿಂಗ್ ಲಿಸ್ಟ್ ತೋರಸ್ತೈತಿ. ಮಗಗ ಟಿಕೆಟ್ ಬ್ಯಾಡ, 5 ತುಂಬೂತನಕ ಬ್ಯಾರೆ ಬರ್ತ್ ಕೇಳದಿದ್ರ ಫ್ರೀ. ಮಗಳಿಗೆ ಬರ್ತ್ ಬ್ಯಾಡಂದ್ರ ಅರ್ಧಾ ಚಾರ್ಜು, ಬೇಕಂದ್ರ ಪೂರಾ, ಬೇಕ ಅನ್ರಿ, ಒಂದ ಬರ್ತಿನ್ಯಾಗ ಇಬ್ಬರು ಹುಡುಗ್ರು ಒಬ್ಬಾಕಿ ತಾಯಿ ಅನ್ನೂದು ಕೇಳಾಕ ಅಷ್ಟ ಚಂದ. ಅತ್ತಿಯವರ ಟಿಕೆಟ್ ಬ್ಯಾರೆ ಮಾಡಸ್ರಿ, 45 ದಾಟಿದ ಹೆಣ್ಣಮಕ್ಕಳಿಗೆ ಕೆಳಗಿನ ಬರ್ತಿನ ಕೋಟಾ ಐತಿ, ಆದ್ರ ಮನಿ ಮಂದಿನೆಲ್ಲಾ ಒಂದ ಟಿಕೆಟಿನ್ಯಾಗ ತುಂಬಿದ್ರ ಅದು ಸಿಗಂಗಿಲ್ಲ. ವಂದೇ ಭಾರತ್ ಬೇಕಾದ್ರ ಅದು ಹಗಲ ಟ್ರೇನು, ಹುಬ್ಬಳ್ಳಿಯಿಂದ ಮಧ್ಯಾಹ್ನ ಬಿಟ್ಟು ರಾತ್ರಿ ಊಟದ ಹೊತ್ತಿಗೆ ಮುಟ್ಟಸ್ತೈತಿ, ಸಣ್ಣ ಹುಡುಗ್ರಿಗೆ ಅದ ಚೊಲೊ ಅಂತ ನನ್ನ ಅಭಿಪ್ರಾಯ, ಆದ್ರ ಅದರಾಗ 5 ದಾಟಿದವರಿಗೆ ಅರ್ಧಾ ಗಿರ್ಧಾ ಇಲ್ಲ, ಪೂರಾ ಟಿಕೆಟ್.

ಇಮ್ಯಾಜಿಕಾ ಕೆಟ್ಟದ್ದು ಅನ್ನಂಗಿಲ್ಲ, ಅದು ಇರೂದು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಬಾಜೂಕ, ಖೋಪೋಲಿ ಹತ್ರ. ನೀವು ಬೆಳಗಾವಿ, ಕೊಲ್ಹಾಪುರ, ಸಾತಾರಾ, ಪುಣೆ ಎಲ್ಲಾ ದಾಟಿ ಹೋಗಬೇಕು. ಮೂರೂವರಿ ವರ್ಷದವ ಕೊಲ್ಹಾಪುರಕ್ಕ "ಬಂತೇನು" ಅಂತ ಕೇಳಾಕ ಹತ್ತತಾನ. ಮೈದುನ ಲಗ್ನಾ ಆದ ಮ್ಯಾಲೆ ಹೋಗಲಿ.

ಇನ್ನ ಖರೇ ಹೇಳಬೇಕಂದ್ರ, ನಾ ನಿನ್ನ ಜಾಗಾದಾಗ ಇದ್ರ ಈ ವರ್ಷ ವಂಡರ್‌ಲಾನೂ ಬಿಟ್ಟು ಮೈಸೂರಿಗೆ ಹೋಗ್ತಿದ್ದೆ. ಅಲ್ಲಿ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಐತಿ, ಅಷ್ಟ ದೊಡ್ಡದಲ್ಲ, ಸಣ್ಣವರಿಗೆ ಅದ ಸಾಕ. ಒಂದ ದಿನ ಅದು, ಒಂದ ದಿನ ಝೂ (1892ರದು, ಮಂಗಳವಾರ ಬಂದ್ ಇರತೈತಿ, ಇದನ್ನ ನೋಡದ ಹೋಗಿ ಗೇಟಿನ ಮುಂದ ನಿಂತವರು ಭಾಳ ಮಂದಿ), ರವಿವಾರ ಸಂಜಿ 7ಕ್ಕ ಅರಮನಿ ದೀಪಾ. ಮಗ ಒಂದ್ ಸ್ವಲ್ಪ ಎತ್ತರಾ ಆಗಲಿ, ಆಮ್ಯಾಲೆ ವಂಡರ್‌ಲಾ.

ಪ್ರಶ್ನೆ: ಮಗಗ 9 ವರ್ಷ. ಯೂಟ್ಯೂಬ್ ನೋಡಿ ನೋಡಿ ದೊಡ್ಡ ರೋಲರ್ ಕೋಸ್ಟರ್ ಹತ್ತೇ ಹತ್ತೇನಿ ಅಂತ ಹಟಾ ಹಿಡದಾನ. ಹತ್ತಸ್ತಾರೇನ್ರಿ? (ರಾಣೆಬೆನ್ನೂರು)

ಅವನ ವಯಸ್ಸ ಬರದೀರಿ, ಎತ್ತರಾ ಬರದಿಲ್ಲ ನೋಡ್ರಿ, ಅಲ್ಲಿ ಕೇಳೂದು ಅದನ್ನ. ವಂಡರ್‌ಲಾದಾಗ 85 ಸೆಂ.ಮೀ. ಕೆಳಗಿದ್ದ ಕೂಸಿಗೆ ಟಿಕೆಟ್ ಇಲ್ಲ, 85ರಿಂದ 140ರ ತನಕ ಮಕ್ಕಳ ಟಿಕೆಟ್, ಅದಕ್ಕೂ ಹೆಚ್ಚಿದ್ರ ವಯಸ್ಸ ಎಷ್ಟರ ಇರಲಿ ದೊಡ್ಡವರ ಟಿಕೆಟ್. ಇದು ಗೇಟಿನ ಲೆಕ್ಕ. ಒಳಗ ಹೋದ ಮ್ಯಾಲೆ ಒಂದೊಂದು ರೈಡಿಗೆ ಬ್ಯಾರೆ ಬ್ಯಾರೆ ಲೆಕ್ಕ, ಜೋರ ಇರೋ ರೈಡುಗಳಿಗೆ 120, 130, 140 ಹಿಂಗ ಗೆರಿ ಹಾಕಿರ್ತಾರ, ಅದಕ್ಕಿಂತ ಒಂದ ಬಟ್ಟ ಕಮ್ಮಿ ಇದ್ರೂ ಇಲ್ಲ ಅಂದ್ರ ಇಲ್ಲ. ಅಂದಾಜಿಗೆ ಹೇಳೂದಾದ್ರ 3 ವರ್ಷದ ಕೂಸು 95ರ ಆಸುಪಾಸು, 5ಕ್ಕ 110, 7ಕ್ಕ 120, ನಿಮ್ಮ 9ರವ 130ರ ಹತ್ರ ಇರಬಹುದು, ಗಿಡ್ಡ ಇದ್ರ ಇನ್ನೂ ಕಮ್ಮಿ.

ಯಾಕ ಇಷ್ಟ ಕಟ್ಟುನಿಟ್ಟು ಅಂದ್ರ, ಆ ಸೀಟಿನ್ಯಾಗ ಹೆಗಲ ಮ್ಯಾಲಿಂದ ಬಂದು ಎದಿಗೆ ಕುಂದ್ರೋ ಒಂದ ಕಬ್ಬಣದ ಪಟ್ಟಿ ಇರತೈತಿ, ಸಣ್ಣ ಮೈಗೆ ಅದು ಹೆಗಲಿಗೆ ಕುಂದ್ರಂಗಿಲ್ಲ, ನಡುವ ಸಂದಿ ಉಳೀತೈತಿ, ಗಾಡಿ ತಲಿಕೆಳಗ ಆದಾಗ ಆ ಸಂದಿಯಾಗಿಂದ ಜಾರೂದು. ಎತ್ತರಾ ಅಂದ್ರ ಅಲ್ಲಿ ದೇಹದ ಅಳತಿ, ಧೈರ್ಯದ್ದಲ್ಲ. ಸಾಲಿನ ಕಡಿಗೆ ಒಂದ ಕೋಲು ನಿಲ್ಲಿಸಿರ್ತಾರ, ನಮ್ಮ ಹುಡುಗ್ರು ಅಲ್ಲಿಗೆ ಬಂದ ಕೂಡ್ಲೆ ಮೆಲ್ಲಕ ಹಿಮ್ಮಡಿ ಎತ್ತತಾವ, ಕೂದಲಾ ಮ್ಯಾಲೆ ಉಬ್ಬಸ್ತಾವ, ರೈಡಿನ ಆಪರೇಟರ್ ಅಂಗೈ ನೆತ್ತಿ ಮ್ಯಾಲೆ ಇಟ್ಟು ಸಣ್ಣಗ ಒತ್ತತಾನ, ಹಿಮ್ಮಡಿ ನೆಲಕ್ಕ ಹತ್ತತಾವ, ಕೂದಲಾ ಅಪ್ಪಚ್ಚಿ, ಅಷ್ಟ. ಮುಕ್ಕಾಲ ತಾಸು ಪಾಳಿ ನಿಂತ ಮ್ಯಾಲೆ ಹಿಂಗ ಆದ್ರ ಆ ಹುಡುಗನ ಮಾರಿ ನೋಡಾಕ ಆಗಂಗಿಲ್ರಿ, ಅವರಪ್ಪ ಬ್ಯಾರೆ ಆಪರೇಟರ್ ಜೋಡಿ ಜಗಳಕ್ಕ ನಿಂತಿರ್ತಾನ, "ನಾ ಜವಾಬ್ದಾರಿ, ಬಿಡ್ರಿ" ಅಂತ. ಏನ ಜವಾಬ್ದಾರಿ?

ಮನಿಯಾಗ ಬಾಗಲ ಚೌಕಟ್ಟಿಗೆ ಬೂಟ್ ಇಲ್ಲದ ನಿಲ್ಲಿಸಿ ಟೇಪ್ ಹಿಡೀರಿ. ಪಾರ್ಕಿನ ವೆಬ್‌ಸೈಟಿನ್ಯಾಗ ರೈಡಿಗೊಂದು ಎತ್ತರಾ ಬರದಿರ್ತಾರ, ಮಗನ್ನ ಬಾಜೂಕ ಕುಂದ್ರಿಸ್ಕೊಂಡು ಅವನ ಕೈಲೆ ಪಟ್ಟಿ ಮಾಡಸ್ರಿ, ಇವು ನನಗ, ಇವು ಮುಂದಿನ ಸಲ ಅಂತ. ಅಳೂದಿದ್ರ ಮನಿಯಾಗ ಅತ್ತು ಮುಗಸ್ಲಿ. ಪಟ್ಟಿ ತೀರಾ ಸಣ್ಣದಾತಂದ್ರ ಟ್ರಿಪ್ ಒಂದ ವರ್ಷ ಮುಂದ ಹಾಕ್ರಿ.

ಪ್ರಶ್ನೆ: ರೊಟ್ಟಿ ಬುತ್ತಿ ಒಳಗ ಬಿಡ್ತಾರೇನ್ರಿ? (ಲಕ್ಷ್ಮೇಶ್ವರ)

ಬಿಡಂಗಿಲ್ರಿ. ಕೂಸಿನ ಊಟಾ, ಹಾಲಿನ ಬಾಟ್ಲಿ, ಔಷಧ ಇದ್ರ ತಕರಾರ ಮಾಡಂಗಿಲ್ಲ, ಶೇಂಗಾ ಚಟ್ನಿ ಔಷಧ ಅಂದ್ರ ನಂಬಂಗಿಲ್ಲ. ರೊಟ್ಟಿ ಟ್ರೇನಿಗೆ ಕಟಗೋರಿ, ಹೋಗೂವಾಗೂ ಆತು ಬರೂವಾಗೂ ಆತು. ಪಾರ್ಕಿಗೆ ಹೋಗೋ ಮುಂಜಾನೆ ಬಿಡದಿಯಾಗ ತಟ್ಟೆ ಇಡ್ಲಿ ಹೊಟ್ಟಿ ತುಂಬ ತಿನಸ್ರಿ, ಊರು ಅದಕ್ಕ ಹೆಸರಾದದ್ದು, ಅದನ್ನ ತಿಂದವರಿಗೆ ಎರಡರ ತನಕ ಹಸವಿ ಆಗಂಗಿಲ್ಲ. ಒಳಗಿನ ಊಟಾ ತುಟ್ಟಿ ಇರತೈತಿ, ಅದನ್ನ ಮೊದಲ ಲೆಕ್ಕದಾಗ ಹಿಡಕೊಂಡ ಹೋಗ್ರಿ, ಅಲ್ಲಿ ಕೌಂಟರ್ ಮುಂದ ನಿಂತು ಹೆಂಡತಿ ಮಾರಿ ನೋಡಬ್ಯಾಡ್ರಿ. ಮತ್ತ ಊಟಾ ಆದ ಕೂಡ್ಲೆ ಗಿರಗಿಟ್ಲಿ ರೈಡಿಗೆ ಹತ್ತಬ್ಯಾಡ್ರಿ, ಕಾರಣ ಬರಿಯಂಗಿಲ್ಲ.

ಪ್ರಶ್ನೆ: ನನಗ ಅರವತ್ತಾರು. ಮಗಾ ಸೊಸಿ ಮೊಮ್ಮಕ್ಕಳು ವಾಟರ್ ಪಾರ್ಕಿಗೆ ಬಾ ಅಂತ ಗಂಟು ಬಿದ್ದಾರ. ನನಗ ಸೀರಿ ಬಿಟ್ಟು ಬ್ಯಾರೆ ಉಟ್ಟು ಗೊತ್ತಿಲ್ಲ. ಅಲ್ಲಿ ಹೋಗಿ ನಾ ಏನ ಮಾಡ್ಲಿ, ಚೀಲಾ ಕಾಯೂದ? (ಧಾರವಾಡ)

ಅವ್ವಾರ, ಈಗ ಬಾಯಿ ಬಿಟ್ಟು ಹೇಳದಿದ್ರ ಹೌದು, ಚೀಲಾ ಕಾಯೂದ. ಹೋಗೂಕಿಂತ ಮೊದಲ ಮಗನ ಮುಂದ ಕರಾರು ಮಾಡ್ಕೋರಿ. ಒಂದು, ಲಾಕರ್ ತಗೋಬೇಕು, ಚೀಲಾ ನನ್ನ ತೊಡಿ ಮ್ಯಾಲೆ ಬರಂಗಿಲ್ಲ. ಎರಡು, ಮಧ್ಯಾಹ್ನ ನೆರಳಿನ್ಯಾಗ ಒಂದ ತಾಸು ಎಲ್ಲಾರೂ ಕೂಡಿ ಕುಂದ್ರಬೇಕು.

ಸೀರಿ ಉಟಗೊಂಡು ನೀರಿಗೆ ಬಿಡಂಗಿಲ್ರಿ, ಅದು ನಿಮ್ಮ ಮ್ಯಾಲಿನ ಸಿಟ್ಟಿಗಲ್ಲ. ಸೆರಗು, ದುಪಟ್ಟಾ ಇಂಥಾದ್ದು ಜಾರುಬಂಡಿಯಾಗ ಸಿಕ್ಕೋತಾವ, ಹತ್ತಿ ಅರವಿ ಎಳಿ ಬಿಟ್ಟು ನೀರ ಸೋಸೋ ಮಶೀನಿಗೆ ಹೋಗತೈತಿ, ಅದಕ್ಕ ನೈಲಾನ್ ತರದ್ದ ಹಾಕ್ಕೋರಿ ಅಂತಾರ. ಒಂದ ಸಲ ಕೊಳದ ದಂಡಿಗೆ ಒಬ್ಬ ಅಜ್ಜಿ ಇಳಕಲ್ಲ ಸೀರಿ ಮೊಣಕಾಲ ತನಕ ಎತ್ತಿ ಸಿಗಸ್ಕೊಂಡು, ಸೆಕ್ಯುರಿಟಿ ಹುಡುಗಿ ಶೀಟಿ ಹೊಡದ್ರೂ ಕೇಳದಂಗ ಮಾಡಿ, ಮೊಮ್ಮಗಳ ಕೈ ಹಿಡಕೊಂಡು ಪಾದ ತೋಸ್ಕೊಳಾಕತ್ತಿದ್ರು, ಆ ಹುಡುಗೀನೂ ಕಡಿಗೆ ಆ ಕಡೆ ಮಾರಿ ಮಾಡಿದ್ಲು. ನಿಮ್ಮ ಸೊಸಿಗೆ ಹೇಳ್ರಿ, ಉದ್ದ ತೋಳಿನ, ಪಾದದ ತನಕ ಬರೋ ಈಜು ಅರವಿ ಹೆಣ್ಣಮಕ್ಕಳಿಗೂ ಸಿಗತಾವ, ಹುಬ್ಬಳ್ಳಿ ದುರ್ಗದಬೈಲಿನ್ಯಾಗ ಇಲ್ಲಾ ನಿಮ್ಮ ಸುಭಾಸ ರೋಡಿನ್ಯಾಗ ನೋಡ್ರಿ, ಪಾರ್ಕಿನ ಅಂಗಡಿಯಾಗ ಅದ ತುಟ್ಟಿ. ಉಡ್ರಿ ಅಂತ ನಾ ಒತ್ತಾಯಾ ಮಾಡಂಗಿಲ್ಲ. ಆದ್ರ ಅಲ್ಲಿ ನಿಮ್ಮನ್ನ ಗುರ್ತಾ ಹಿಡಿಯವರು ಯಾರೂ ಇರಂಗಿಲ್ಲ ನೋಡ್ರಿ, ನಿಮ್ಮ ಧಾರವಾಡದ ಸಾಧನಕೇರಿ ಅಲ್ಲ ಅದು.

ಹಿರಿಯರಿಗೆ ಟಿಕೆಟಿನ್ಯಾಗ ರಿಯಾಯತಿ ಸಿಗತೈತೇನು ಅಂತ ಬುಕ್ ಮಾಡೂವಾಗ ಮಗಗ ನೋಡಾಕ ಹೇಳ್ರಿ, ಆಧಾರ್ ಕಾರ್ಡ್ ಚೀಲದಾಗ ಇರಲಿ. ಬಿ.ಪಿ. ಗುಳಗಿ ತಗೋತಿದ್ರ, ಸೊಂಟದ್ದು ಏನರ ಇದ್ರ ಜೋರ ರೈಡಿನ ಹತ್ರ ಹೋಗೂದ ಬ್ಯಾಡ.

ಪ್ರಶ್ನೆ: ಯಾವಾಗ ಹೋದ್ರ ಗದ್ದಲ ಕಮ್ಮಿ? (ಹುಬ್ಬಳ್ಳಿ, ನವನಗರ)

ಏಪ್ರಿಲ್-ಮೇ ಬ್ಯಾಡ, ದಸರಾ ಬ್ಯಾಡ, ಡಿಸೆಂಬರ್-ಜನವರಿಯಾಗ ವಾರದ ದಿನಾನೂ ಬ್ಯಾಡ ಯಾಕಂದ್ರ ಆವಾಗ ಶಾಲಿ ಟ್ರಿಪ್ಪಿನ ಬಸ್ಸು ಸಾಲಗಟ್ಟಿ ನಿಂತಿರ್ತಾವ, ಒಂದೊಂದು ಬಸ್ಸಿಂದ ಐವತ್ತು ಹುಡುಗ್ರು ಶೀಟಿ ಹಾಕ್ಕೋತ ಇಳೀತಾವ. ಶಾಲಿ ಶುರು ಆದ ಮ್ಯಾಲೆ ಜೂನ್ ನಡುವಿಂದ ಜುಲೈ ತನಕ, ಮಂಗಳವಾರ-ಬುಧವಾರ, ಬಿಡದಿ ಕಡೆ ಆವಾಗ ಮೋಡಾ ಇರತೈತಿ, ನಮ್ಮಲ್ಲಿಯಂಗ ಹುಯ್ಯಂಗಿಲ್ಲ, ಬಿಸಲಿನ ಝಳಾನೂ ಇರಂಗಿಲ್ಲ, ವಾರದ ದಿನದ ಟಿಕೆಟ್ ಶನಿವಾರ-ರವಿವಾರಕ್ಕಿಂತ ಅಗ್ಗ. ಖೋಪೋಲಿ ಕಡೆ ಹೋಗೂದಿದ್ರ ಮಾತ್ರ ಜೂನ್-ಜುಲೈ ಬ್ಯಾಡ, ಘಟ್ಟದ ಮಳಿ ಅದು. ಯು.ಕೆ.ಜಿ. ಹುಡುಗ ಎರಡು ದಿನ ಶಾಲಿ ತಪ್ಪಿಸಿದ್ರ ಏನೂ ಮುಳುಗಂಗಿಲ್ಲ, ಮಾಸ್ತರು ನನಗ ಬೈದ್ರ ಬೈಲಿ.

ಪ್ರಶ್ನೆ: ಮನೆಯವರು ದುಬೈದಾಗ ಅದಾರ, ನಾ ಒಬ್ಬಾಕೀನ 4 ಮತ್ತು 8 ವರ್ಷದ ಇಬ್ಬರನ್ನ ಕರ್ಕೊಂಡು ಹೊಂಟೇನಿ. ಗದ್ದಲದಾಗ ಹುಡುಗ್ರು ತಪ್ಪಿಸ್ಕೊಂಡ್ರ ಅಂತ ಎದಿ ಝಲ್ ಅಂತೈತಿ. (ಹುಬ್ಬಳ್ಳಿ, ಕೇಶ್ವಾಪುರ)

ಅಂಜಿಕಿ ಬರೂದು ಸಹಜ ತಂಗಿ. ಸಣ್ಣವರನ್ನ ಹಿಡದು "ನಿಮ್ಮವ್ವನ ಹೆಸರೇನು" ಅಂತ ಕೇಳಿ ನೋಡು, "ಅವ್ವಾ" ಅಂತಾವ. ಎಲ್ಲಿ ಅದಾಳ? "ಇಲ್ಲೇ ಇದ್ಲು." ಹಂಗಾಗಿ ಈಗಿಂದ ಇಬ್ಬರಿಗೂ ನಿನ್ನ ಪೂರಾ ಹೆಸರು, ಮೊಬೈಲ್ ನಂಬರ್ ಬಾಯಿಪಾಠ ಮಾಡಸು, ದಿನಾ ಹಲ್ಲ ತಿಕ್ಕೂವಾಗ ಒಂದ ಸಲ. ಅವತ್ತ ಮುಂಜಾನೆ ನಂಬರ್ ಮುಂಗೈ ಒಳಮೈಗೆ ಬಾಲ್ ಪೆನ್ನಿಲೆ ಬರಿ, ನೀರಿಗೆ ಇಳಿದ ಮ್ಯಾಲೆ ಮತ್ತೊಮ್ಮೆ ನೋಡು. ರೂಮಿಂದ ಹೊರಗ ಬೀಳೂವಾಗ ಇಬ್ಬರದೂ ಪೂರಾ ಒಂದ ಫೋಟೊ ತಗಿ, ಕಳದಾಗ ಗಾಬರಿಯಾಗ "ಯಾವ ಬಣ್ಣದ ಅಂಗಿ" ಅಂದ್ರ ಯಾವ ತಾಯಿಗೂ ನೆನಪ ಬರಂಗಿಲ್ಲ. ಕೇಸರಿ, ಗಿಣಿ ಹಸರು ಹಿಂಗ ಕಣ್ಣಿಗೆ ಹೊಡಿಯೋ ಬಣ್ಣ ಹಾಕು, ನೀಲಿ ಮಾತ್ರ ಬ್ಯಾಡ, ನೀರಿನ್ಯಾಗ ಕಾಣಂಗಿಲ್ಲ. ತಪ್ಪಿಸ್ಕೊಂಡ್ರ ಹುಡುಕಾಕ ಹೋಗಬ್ಯಾಡ್ರಿ, ನಿಂತಲ್ಲೇ ನಿಂತು ಶೀಟಿ ಕಟಗೊಂಡ ಯೂನಿಫಾರಂನವರನ್ನ ಕೇಳ್ರಿ ಅಂತ ದೊಡ್ಡವಗ ಹೇಳು.

ನೀರಿನ ವಿಚಾರದಾಗ ಒಂದ ಮಾತು ಗಟ್ಟಿಯಾಗಿ ಹೇಳ್ತೇನಿ. ಅಲೆ ಬರೋ ಕೊಳದಾಗ 4 ವರ್ಷದವನ್ನ ನಿನ್ನ ಕೈ ಅಳತಿ ಒಳಗ ಇಟಗೊ, ದಂಡಿಗೆ ಕುಂತು ನೋಡಿದ್ರ ನಡಿಯಂಗಿಲ್ಲ. ಮುಳಗೂ ಕೂಸು ಚೀರಂಗಿಲ್ಲ, ಚೀರಾಕ ಉಸರ ಬೇಕು, ಬಾಯಿ ನೀರಾಗ ಇರತೈತಿ, ಸದ್ದ ಇಲ್ಲದ ಆಗೂ ಕೆಲಸ ಅದು. ಗಾಳಿ ತುಂಬಿದ ಟ್ಯೂಬು ಆಟದ್ದು, ಕಾಯೂದಲ್ಲ. ಲೈಫ್‌ಗಾರ್ಡ್ ಇರ್ತಾರ, ಅವರ ಕಣ್ಣಿಗೆ ನೂರು ಹುಡುಗ್ರು, ನಿನ್ನ ಕಣ್ಣಿಗೆ ಇಬ್ಬರ. ಅವಾಗ ಫೋನ್ ಲಾಕರ್‌ದಾಗ ಇರಲಿ, ದುಬೈಗೆ ವಿಡಿಯೊ ಆಮ್ಯಾಲೆ ಕಳಸು. ಆದ್ರ ತಂಗಿನ್ನೋ ಗೆಳತೀನ್ನೋ ಒಬ್ಬರನ್ನ ಜೋಡಿ ಕರ್ಕೊ, 8ರವ ಒಂದ ಕಡೆ ಎಳದ್ರ 4ರವ ಒಂದ ಕಡೆ ಎಳೀತಾನ, ನೀ ಎರಡು ಹೋಳು ಆಗಾಕ ಬರಂಗಿಲ್ಲ.

ಪ್ರಶ್ನೆ: ಅಣ್ಣ ಸಿಂಗಾಪುರದಾಗ ಇದ್ದಾನೆ, ಯೂನಿವರ್ಸಲ್ ಸ್ಟುಡಿಯೋಸ್ ತೋರಸ್ತೇನಿ ಬಾ ಅಂತಾನೆ. ಮಗಳಿಗೆ 2, ಮಗನಿಗೆ 6. ಕರ್ಕೊಂಡು ಹೋಗಬಹುದಾ ಮೇಡಂ? (ಧಾರವಾಡ)

ಅಣ್ಣನ ಮನಿ ಐತಿ ಅಂದ ಮ್ಯಾಲೆ ಹೋಗ್ರಿ, ರೂಮಿನ ಖರ್ಚ ಉಳೀತು. ಪಾರ್ಕಿಗೆ ಅಂತನ ಹೊಂಟಿದ್ರ ಬ್ಯಾಡ ಅಂತಿದ್ದೆ, 2 ವರ್ಷದಾಕಿಗೆ ನೆನಪ ಉಳಿಯಂಗಿಲ್ಲ, ಫೋಟೊ ಅಷ್ಟ. ಸೆಂಟೋಸಾ ದ್ವೀಪದಾಗ 2010ರಿಂದ ಐತಿ ಅದು. 4 ವರ್ಷದ ಕೆಳಗಿನವರಿಗೆ ಟಿಕೆಟ್ ಇಲ್ಲ, 4ರಿಂದ 12 ಮಕ್ಕಳ ಟಿಕೆಟ್, ಅಲ್ಲಿ ಟಿಕೆಟ್ ವಯಸ್ಸಿನ ಮ್ಯಾಲೆ, ರೈಡ್ ಮಾತ್ರ ಎತ್ತರದ ಮ್ಯಾಲೆ. ಒಂದ ಅನುಕೂಲ ಕೇಳಿ ತಗೋರಿ, ಚೈಲ್ಡ್ ಸ್ವಿಚ್ ಅಂತಾರ ಅದಕ್ಕ, ಗಂಡ ಮಗನ ಜೋಡಿ ರೈಡ್ ಹತ್ತಿದಾಗ ನೀವು ಮಗಳನ್ನ ಹಿಡಕೊಂಡ ಕಾಯೂದು, ಅವರು ಇಳದ ಮ್ಯಾಲೆ ಮಗಳನ್ನ ಅವರ ಕೈಗೆ ಕೊಟ್ಟು ನೀವು ಮತ್ತ ಪಾಳಿ ನಿಲ್ಲದ ಹತ್ತೂದು. ಕೇಳದಿದ್ರ ಯಾರೂ ಹೇಳಂಗಿಲ್ಲ. ಗುಡುಗು ಮಿಂಚು ಬಂದ್ರ ಬಯಲಿನ ರೈಡ್ ನಿಲ್ಲಸ್ತಾರ, ಅಲ್ಲಿ ಅದು ದಿನದ ಮಾತು, ಹೊರಗಿನವು ಮುಂಜಾನೆ ಮುಗಸ್ರಿ. ಇಬ್ಬರು ಮಕ್ಕಳಿಗೂ ಬ್ಯಾರೆ ಬ್ಯಾರೆ ಪಾಸ್‌ಪೋರ್ಟ್ ಬೇಕು, 5 ವರ್ಷಕ್ಕಷ್ಟ ಕೊಡ್ತಾರ, ತಂದಿ-ತಾಯಿ ಇಬ್ಬರೂ ಸಹಿ ಮಾಡಬೇಕು, ಹುಬ್ಬಳ್ಳಿಯಾಗ ಸೇವಾ ಕೇಂದ್ರ ಐತಿ. ವೀಸಾನೂ ಬೇಕು.

ಪ್ರಶ್ನೆ: ಅಕ್ಕಾರ, ನಾವು ಒಕ್ಕಲುತನದವರು, ಅಷ್ಟ ರೊಕ್ಕಾ ಇಲ್ರಿ. ಹತ್ರದಾಗ ಹುಡುಗ್ರಿಗೆ ಏನರ ಐತೇನು? ಸುಮ್ನ ಸಮಾಧಾನಕ್ಕ ಹೇಳಬ್ಯಾಡ್ರಿ. (ಹಾವೇರಿ ತಾಲೂಕು)

ಸಮಾಧಾನಕ್ಕ ಹೇಳಂಗಿಲ್ರಿ, ರೋಲರ್ ಕೋಸ್ಟರ್ ನಿಮ್ಮ ಹತ್ರ ಇಲ್ಲ. ಆದ್ರ ಹುಡುಗ್ರು 6ರ ಕೆಳಗಿದ್ರ ಅವಕ್ಕ ಅದು ಬೇಕಾಗೂನೂ ಇಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಾಗ ಉತ್ಸವ ರಾಕ್ ಗಾರ್ಡನ್ ಐತಿ, ಹೈವೇ ಬಾಜೂಕ, ಕಲಾವಿದ ಟಿ.ಬಿ. ಸೊಲಬಕ್ಕನವರ ಮಾಡಿದ್ದು, ಎತ್ತು, ಚಕ್ಕಡಿ, ಕುಲುಮಿ, ಹಳ್ಳಿ ಮನಿ ಮಂದಿ ಎಲ್ಲಾ ಜೀವಂತ ಇದ್ದಂಗ ನಿಂತಾವ. ನಿಮ್ಮ ಹುಡುಗ್ರು "ಇದು ನಮ್ಮ ಮನ್ಯಾಗೂ ಐತಿ" ಅಂದ್ರ ಅನ್ಲಿ, ಪ್ಯಾಟಿ ಹುಡುಗ್ರು ಅದನ್ನ ರೊಕ್ಕಾ ಕೊಟ್ಟು ನೋಡ್ತಾವ. ಪ್ರಾಣಿ ಬೇಕಂದ್ರ ಗದಗ ಹತ್ರ ಬಿಂಕದಕಟ್ಟಿ ಝೂ, ಸಣ್ಣದು, ಅದಕ್ಕ ಸಣ್ಣ ಕಾಲಿಗೆ ಸರಿ. ಹುಬ್ಬಳ್ಳಿಗೆ ಬಂದ್ರ ಇಂದಿರಾ ಗಾಜಿನ ಮನಿ, ಸಂಜಿಗೆ ಉಣಕಲ್ಲ ಕೆರಿ ದಂಡಿ, ಗಿರಮಿಟ್ಟು ಮಿರ್ಚಿ, ಮತ್ತ ಒಮ್ಮೆ ಚಿಗರಿ ಬಸ್ಸಿನ್ಯಾಗ ಧಾರವಾಡ ತನಕ ಹತ್ತಿಸ್ಕೊಂಡ ಹೋಗ್ರಿ, ತಾನ ತೆರಿಯೋ ಬಾಗಲಾ ನೋಡಿ ಹಿಗ್ಗತಾವ.

ಖರ್ಚು ಅಂದ್ರ, ವಾಯವ್ಯ ಸಾರಿಗೆ ಕೆಂಪ ಬಸ್ಸಿನ್ಯಾಗ ಶಕ್ತಿ ಯೋಜನೆಯೊಳಗ ಹೆಣ್ಣಮಕ್ಕಳಿಗೆ ಟಿಕೆಟ್ ಇಲ್ಲ, 6ರ ಕೆಳಗಿನ ಹುಡುಗ್ರಿಗೂ ಇಲ್ಲ, ನಿಮ್ಮದೊಂದ ಟಿಕೆಟ್ ಆತು. ರಾಜಹಂಸ, ಸ್ಲೀಪರ್ ಹತ್ತಬ್ಯಾಡ್ರಿ, ಅದರಾಗ ಶಕ್ತಿ ನಡಿಯಂಗಿಲ್ಲ. ಹೆಂಡತಿಗೆ ಆಧಾರ್ ಕಾರ್ಡ್ ಒರಿಜಿನಲ್ ಇಟಗೋಳಾಕ ಹೇಳ್ರಿ, ಕಂಡಕ್ಟರ್ ಕೇಳ್ತಾನ.